ಚಿಗಟಕ್ಕೆ ಔಷಧಿ

ಚಿಗಟ ಎಲ್ಲರಿಗೂ ಕಾಲಿಗೆ ಕಚ್ಚಿದರೆ ಹೊಲಿಗೆ ಅಕ್ಕನಿಗೆ ಹೊಟ್ಟೆಪಾಡಿಗೇ ಕಚ್ಚಿತು.

ಬ್ಯಾಂಕಿನ ಮೇಡಂ ಮಗಳ ಗೌನು ತೆಗೆದುಕೊಂಡು ಹೋಗಲು ಏದುಸಿರು ಬಿಡುತ್ತಾ ಮೇಲಿನ ಮಹಡಿಗೆ ಹತ್ತಿ ಬಂದಿದ್ದರು. ಕಿಟಕಿಯ ಬೆಳಕಿಗೆ ಗೌನು ಹಿಡಿದು ಹೊಲಿಗೆ ನೋಡುತ್ತಿದ್ದಾಗ ಕಾಲರಿನ ಮೇಲೆ ಒಂದು ಕಪ್ಪು ಚುಕ್ಕೆ ಕಂಡಿತು.

"ಏನಿದು?"

"ದಾರದ ತುಣುಕು ಮೇಡಂ," ಅಂದಳು ಅಕ್ಕ, ನಗುತ್ತಾ.

ದಾರದ ತುಣುಕು ಟಪ್ಪನೆ ನೆಗೆದು ಮೇಡಮ್ಮಿನ ಮಣಿಕಟ್ಟಿನ ಮೇಲೆ ಕೂತಿತು. ಅಲ್ಲಿಂದ ತೋಳಿನೊಳಕ್ಕೆ ಹೋಯಿತು. ಮೇಡಂ ಕಿರುಚಿಕೊಂಡು ಗೌನನ್ನು ಅಲ್ಲೇ ಬಿಸಾಡಿ ಮೆಟ್ಟಿಲಿಳಿದರು. ಆಮೇಲೆ ಅವರ ಬೀದಿಯಿಂದ ಒಂದು ತುಂಡು ಬಟ್ಟೆಯೂ ಅಕ್ಕನ ಮಿಷನ್ನಿಗೆ ಬರಲಿಲ್ಲ.

ಅವಳ ಮನೆ ಅಂದರೆ ಚಾವಣಿಯ ಕೆಳಗಿನ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಒಬ್ಬರು ನಿಲ್ಲುವಷ್ಟು ಅಡುಗೆಮನೆ. ಗಂಡ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಪತ್ತೆ ಇಲ್ಲ. ಮನೆಯಲ್ಲಿ ಅತ್ತೆ, ಶಾಲೆಗೆ ಹೋಗುವ ಮಗಳು, ಅವಳು. ಮಗಳ ಮೊಣಕಾಲಿನ ಕೆಳಗೆ ಪೂರ್ತಿ ಕೆಂಪು ಗುಳ್ಳೆ. ಇದು ಅಂಟುರೋಗ ಅಂತ ಟೀಚರು ಅವಳನ್ನು ಮನೆಗೆ ಕಳಿಸಿಬಿಟ್ಟಿದ್ದರು. ಅಕ್ಕ ಉಳಿದ ಚೂರು ಬಟ್ಟೆಗಳಲ್ಲಿ ಕಾಲು ಮುಚ್ಚುವಂಥ ಉದ್ದ ಪ್ಯಾಂಟು ಹೊಲಿದು ಹಾಕಿ ಮತ್ತೆ ಕಳಿಸಿದ್ದಳು. ಚಿಗಟಗಳಿಗೆ ಅದರಿಂದ ಒಳ್ಳೆಯದೇ ಆಯಿತು. ಬೆಚ್ಚಗೆ ಒಳಗೇ ಕೂತು ಶಾಲೆಗೆ ಹೋಗಿ ಬರತೊಡಗಿದವು.

ಕಟ್ಟಡದ ಎಲ್ಲ ಮನೆಗಳದೂ ಇದೇ ಪಾಡು. ಎಲ್ಲಿಂದ ಬಂದವು ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ನೆಲಮಹಡಿಯಲ್ಲಿ ಯಜಮಾನರ ಗೋದಾಮು. ಹಳೇ ಗೋಣಿಚೀಲ ತುಂಬಿ ಬೀಗ ಹಾಕಿಟ್ಟಿದ್ದರು. ಒಡೆದ ಕಿಟಕಿಯಿಂದ ಬೀದಿ ಬೆಕ್ಕುಗಳು ಒಳಗೆ ಹೋಗಿ ಮರಿ ಹಾಕುತ್ತಿದ್ದವು. ಬೆಕ್ಕು ಮರಿಗಳನ್ನು ಕರೆದುಕೊಂಡು ಹೋಗುತ್ತಿತ್ತು, ಚಿಗಟಗಳನ್ನು ಬಿಟ್ಟು ಹೋಗುತ್ತಿತ್ತು. "ಗೋದಾಮು ಒಂದ್ಸಲ ತೆಗೆಸಿ ಸ್ವಾಮಿ," ಅಂತ ಬಾಡಿಗೆ ವಸೂಲಿಗೆ ಬರುವ ಮ್ಯಾನೇಜರಿಗೆ ಹೇಳಿ ಹೇಳಿ ಎಲ್ಲರ ಬಾಯಿ ಒಣಗಿತ್ತು. ನಲ್ಲಿ ಸೋರಿದರೂ, ಮೆಟ್ಟಿಲು ಕುಸಿದರೂ ಆತನದು ಒಂದೇ ಉತ್ತರ: "ನಾಳೆ ನೋಡೋಣ." ಅದಕ್ಕೇ ಅವನಿಗೆ ನಾಳೆಯಪ್ಪ ಅಂತ ಹೆಸರು ಬಿದ್ದಿತ್ತು. ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಂಥ ನಾಳೆಯಪ್ಪ ಒಂದು ದಿನ ಬಾಡಿಗೆಯ ದಿನ ಅಲ್ಲದಿದ್ದರೂ ಬಂದ. ಅಂಗಳದಲ್ಲಿ ನಿಂತು ಎಲ್ಲರನ್ನೂ ಕೂಗಿ ಕರೆದ. ಮುಖದ ತುಂಬ ನಗು. ಆ ಮುಖದಲ್ಲಿ ನಗುವಿಗೆ ಜಾಗ ಇದೆ ಅಂತ ಜನಕ್ಕೆ ಅವತ್ತೇ ಗೊತ್ತಾಗಿದ್ದು.

"ನಿಮ್ಮ ಕಷ್ಟ ಕೇಳಿ ಯಜಮಾನರಿಗೆ ಕರುಳು ಚುರ್ ಅಂದುಬಿಟ್ಟಿದೆ," ಅಂದ. "ಔಷಧಿ ಹೊಡೆಯೋ ಕಂಪನಿಯವರನ್ನೇ ಕರೆಸ್ತಿದ್ದಾರೆ. ಖರ್ಚೆಲ್ಲ ಅವರದೇ. ಭಾನುವಾರ ಬೆಳಿಗ್ಗೆ. ನೀವು ಮಾಡಬೇಕಾದ್ದು ಒಂದೇ. ಮನೆ ಪೂರ್ತಿ ಖಾಲಿ ಮಾಡಿ ಕೊಡಬೇಕು. ಸಾಮಾನೆಲ್ಲ ಅಂಗಳಕ್ಕೆ. ಒಂದು ಸೂಜಿ ಒಳಗೆ ಉಳೀಬಾರದು."

ನೆಲಮಹಡಿಯ ಬಡಗಿ ಅಣ್ಣನಿಗೆ ಸುಮ್ಮನೆ ಒಪ್ಪಿಕೊಳ್ಳುವ ಅಭ್ಯಾಸ ಇರಲಿಲ್ಲ. "ಹಾಸಿಗೆಯಲ್ಲಿ ಚಿಗಟ ಇರುತ್ತೆ, ಒಪ್ಪಿದೆ. ಬಾಣಲೆಯಲ್ಲಿ ಏನಿರುತ್ತೆ?"

"ಮೊಟ್ಟೆ! ಮೊಟ್ಟೆ ಎಲ್ಲಿ ಬೇಕಾದರೂ ಇಡುತ್ತೆ. ಕಂಪನಿಯವರೇ ಹೇಳಿದ್ದಾರೆ. ಇದು ವಿಜ್ಞಾನ ಕಣಯ್ಯ."

"ನಮ್ಮ ಮನೆಗಳಿಗೆಲ್ಲ ಹೊಡೀತೀರಿ. ಗೋದಾಮಿಗೆ?"

"ಅದು ಆಮೇಲೆ," ಅಂದು ನಾಳೆಯಪ್ಪ ಹೊಲಿಗೆ ಅಕ್ಕನ ಕಡೆ ತಿರುಗಿದ. "ಅಮ್ಮಾ, ನಿಮ್ಮ ಮಾತು ಎಲ್ಲರೂ ಕೇಳ್ತಾರೆ. ಮನೆ ಮನೆಗೆ ಹೋಗಿ ತಿಳಿಸಿ ಹೇಳೋ ಜವಾಬ್ದಾರಿ ನಿಮ್ಮದು."

ಅಕ್ಕನಿಗೆ ಯಾರೂ ಯಾವತ್ತೂ ಜವಾಬ್ದಾರಿ ಅಂತ ಬಾಯಿಬಿಟ್ಟು ಕೊಟ್ಟಿರಲಿಲ್ಲ. ಕೆಲಸ ಕೊಟ್ಟಿದ್ದರು, ಅಷ್ಟೆ. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

ಅವತ್ತಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲು ಪುರುಸೊತ್ತಿಲ್ಲ. ಬಟ್ಟೆ ಕುದಿಯುವ ನೀರಲ್ಲಿ ಅದ್ದಿ ಒಗೀರಿ, ಹಾಸಿಗೆ ಬಿಸಿಲಿಗೆ ಹಾಕಿ ಬಡೀರಿ, ಮಂಚದ ಕಾಲು ಬಿಚ್ಚಿ, ನೆಲದ ಬಿರುಕಿನ ಕಸ ಕಡ್ಡಿಯಲ್ಲಿ ಕೆದಕಿ ತೆಗೀರಿ ಅಂತ ಬಾಗಿಲು ಬಾಗಿಲಿಗೂ ಹೇಳಿಕೊಂಡು ಬಂದಳು. ಬರೀ ಹೇಳಲಿಲ್ಲ, ಕೈಲಾಗದವರ ಮನೆಯಲ್ಲಿ ತಾನೇ ಕೂತು ಕೆದಕಿದಳು. ವರ್ಷಾನುಗಟ್ಟಲೆ ಬೆಳಕು ಕಾಣದ್ದೆಲ್ಲ ಮಂಚದಡಿಯಿಂದ ಹೊರಬಂತು. ಒಬ್ಬರ ಮನೆಯಲ್ಲಿ ತೀರಿಹೋದ ಮಗುವಿನ ಒಂಟಿ ಬೂಟು. ಇನ್ನೊಬ್ಬರ ಮನೆಯಲ್ಲಿ ಗಂಡ ಬಚ್ಚಿಟ್ಟ ಬಾಟಲಿಗಳು. ಬೂಟು ಕಂಡ ಮನೆಯಲ್ಲಿ ಅಕ್ಕ ಸುಮ್ಮನೆ ಕೂತಿದ್ದು ಬಂದಳು. ಬಾಟಲಿ ಕಂಡ ಮನೆಯಲ್ಲಿ ನಡುವೆ ನಿಂತು ಜಗಳ ಬಿಡಿಸಿ ಬಂದಳು.

ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ಗೆಳತಿ ಒಬ್ಬಳು ಮಾತ್ರ ಹಟ ಹಿಡಿದಳು. ಅಕ್ಕನ ಮನೆಯ ಕೆಳಗೇ ಅವಳ ಮನೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು.

"ನನ್ನ ಕೈಲಾಗಲ್ಲ ಕಣೇ. ಕಚ್ಚಿದ್ರೆ ಕಚ್ಚಿಕೊಳ್ಳಲಿ, ನನ್ನ ಮೈಯಲ್ಲಿ ರಕ್ತ ಎಲ್ಲಿದೆ ಅಂತ ಅವಕ್ಕೇ ಗೊತ್ತಾಗುತ್ತೆ."

"ನೀನೊಬ್ಬಳು ಉಳಿಸ್ಕೊಂಡ್ರೆ ಎಲ್ಲರ ಮನೆಗೂ ವಾಪಸ್ ಬರ್ತವೆ. ನೀನು ಮಲಗು, ನಾನೇ ಖಾಲಿ ಮಾಡ್ತೀನಿ."

ಹಾಗೇ ಮಾಡಿದಳು. ಗೆಳತಿ ಮಲಗಿದ್ದ ಚಾಪೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಗಂಟು ಕಟ್ಟಿದಳು. ಎಲ್ಲರ ಸಾಮಾನೂ ಅಂಗಳಕ್ಕೆ ಬಂದರೆ ಕಲಸುಮೇಲೋಗರ ಆಗುತ್ತದಲ್ಲ, ಅದಕ್ಕೊಂದು ಉಪಾಯವನ್ನೂ ಹೂಡಿದಳು. ಒಂದೊಂದು ಮನೆಯ ಗಂಟಿಗೂ ಒಂದೊಂದು ಬಣ್ಣದ ಬಟ್ಟೆ ಪಟ್ಟಿ. ಬಡಗಿ ಅಣ್ಣನದು ಹಳದಿ, ಆಯಾದು ನೀಲಿ. ಪಟ್ಟಿಗಳ ಅಂಚು ಮಡಿಚಿ ಹೊಲಿದಿದ್ದಳು ಕೂಡ. ಹೊಲಿಯದೆ ಬಿಟ್ಟ ಬಟ್ಟೆ ಕಂಡರೆ ಅವಳಿಗೆ ಆಗದು.

"ಮೊನ್ನೆ ಯಾರೋ ಬಂದು ಟೇಪು ಹಿಡಿದು ಅಂಗಳ ಅಳೀತಿದ್ರು," ಅಂದ ಬಡಗಿ ಅಣ್ಣ, ಹಳದಿ ಪಟ್ಟಿ ಕೈಗೆ ತೆಗೆದುಕೊಳ್ಳುತ್ತಾ.

"ಔಷಧಿ ಎಷ್ಟು ಬೇಕು ಅಂತ ಅಳೆದಿರ್ತಾರೆ. ನಿನಗೆ ಎಲ್ಲದರಲ್ಲೂ ಅನುಮಾನ ಅಣ್ಣ."

"ಯಜಮಾನರು ನಮಗೋಸ್ಕರ ದುಡ್ಡು ಬಿಚ್ಚುತಾರೆ ಅಂದ್ರೆ ಯಾಕೋ ಮೈ ಕಡಿಯುತ್ತೆ."

"ಕಡೀತಿರೋದು ಚಿಗಟ. ಭಾನುವಾರ ಸರಿಹೋಗುತ್ತೆ."

ಇಡೀ ಕಟ್ಟಡವನ್ನು ಒಪ್ಪಿಸಿದವಳಿಗೆ ಒಪ್ಪಿಸಲು ಆಗದೇ ಇದ್ದದ್ದು ಸ್ವಂತ ಅತ್ತೆಯನ್ನು. ಸೊಂಟ ಮುರಿದ ಮೇಲೆ ಮುದುಕಿ ಗೋಡೆ ಹಿಡಿದು ಕೋಣೆಯೊಳಗೆ ಓಡಾಡುವುದು ಬಿಟ್ಟರೆ ಮೆಟ್ಟಿಲು ಕಂಡಿರಲಿಲ್ಲ.

"ಕುರ್ಚಿ ಮೇಲೆ ಕೂರಿಸಿ ನಾಲ್ಕು ಜನ ಎತ್ಕೊಂಡು ಇಳಿಸ್ತೀವಿ ಅತ್ತೆ."

"ನಾಲ್ಕು ಜನ ಎತ್ಕೊಂಡು ಇಳಿಸೋ ದಿನ ಬೇರೆ ಇದೆ. ಅವತ್ತು ಇಳೀತೀನಿ."

"ಅಯ್ಯೋ, ಔಷಧಿ ವಿಷ ಅತ್ತೆ!"

"ಈ ಮನೆ ಸೇರಿದಾಗಿನಿಂದ ನಾನು ಏನು ಹಾಲು ಕುಡಿದಿದ್ದೀನಾ? ಹೋಗೇ."

ಭಾನುವಾರ ಬೆಳಗಾಯಿತು. ಅಂಗಳ ಸಂತೆಯ ಹಾಗಿತ್ತು. ಬಣ್ಣಬಣ್ಣದ ಪಟ್ಟಿ ಕಟ್ಟಿದ ಗಂಟುಗಳು, ಬಿಚ್ಚಿದ ಮಂಚಗಳು, ಕಪಾಟುಗಳು, ಕಾಗದದಲ್ಲಿ ಸುತ್ತಿಟ್ಟ ಲೋಟಗಳು. ಅಕ್ಕನ ಮಿಷನ್ನಿಗೂ ಒಂದು ಬೆಡ್‌ಶೀಟು ಹೊದಿಸಿ ಮೂಲೆಯಲ್ಲಿ ಇಟ್ಟಿದ್ದರು. ಮಕ್ಕಳು ಮಂಚದ ಹಲಗೆಗಳ ಮೇಲೆ ಜಾರುತ್ತಿದ್ದವು. ನಾಳೆಯಪ್ಪ ಬಂದು ಒಂದು ಸುತ್ತು ಹಾಕಿ, "ಭೇಷ್! ಎಷ್ಟು ನೀಟಾಗಿ ಮಾಡಿದ್ದೀರಿ ಅಮ್ಮ," ಅಂದಾಗ ಅಕ್ಕನ ಮುಖ ಕೆಂಪಾಯಿತು. ಅವನ ಹಿಂದೆ ಇಬ್ಬರು ಗಟ್ಟಿಮುಟ್ಟಾದ ಆಳುಗಳು ಒಂದು ಚೀಲ ಹೊತ್ತುಕೊಂಡು ಬಂದಿದ್ದರು. ಅವರ ಹಿಂದೆ ಔಷಧಿಯವನು. ಮೂಗು ಬಾಯಿ ಮುಚ್ಚುವ ಮುಖವಾಡ, ಬೆನ್ನಿಗೆ ಟ್ಯಾಂಕು, ಕೈಯಲ್ಲಿ ಕೊಳವೆ. ಮಕ್ಕಳು ಆಟ ಬಿಟ್ಟು ಅವನನ್ನೇ ನೋಡತೊಡಗಿದವು.

ಔಷಧಿಯವನು ಒಂದು ಮನೆಯೊಳಗೆ ಹೋಗಿ ಬುಸ್ ಬುಸ್ ಅನ್ನಿಸಿ ಹೊರಗೆ ಬರುವುದು, ಆಳುಗಳು ಬಾಗಿಲು ಮುಚ್ಚಿ ಚೀಲದಿಂದ ಹೊಸ ಬೀಗ ತೆಗೆದು ಜಡಿಯುವುದು, ಹೀಗೆ ಕೆಲಸ ಸಾಗಿತು.

"ಬೀಗ ಯಾಕೆ ಸ್ವಾಮಿ?" ಅಂತ ಯಾರೋ ಕೇಳಿದರು.

"ಗಾಳಿ ಆಡಬಾರದು. ಔಷಧಿ ಒಳಗೇ ಕೂತು ಕೆಲಸ ಮಾಡಬೇಕು. ಮಕ್ಕಳು ಮರಿ ತಿಳೀದೆ ಬಾಗಿಲು ತೆಗೆದ್ರೆ?"

ಎಷ್ಟು ಮುಂದಾಲೋಚನೆ ಅಂತ ಎಲ್ಲರೂ ತಲೆದೂಗಿದರು.

ಕೊನೆಯ ಗಳಿಗೆಯಲ್ಲಾದರೂ ಅತ್ತೆಯನ್ನು ಇಳಿಸೋಣ ಅಂತ ಅಕ್ಕ ಮೇಲಕ್ಕೆ ಓಡಿದಳು. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.

"ಅತ್ತೆ, ತೆಗೀರಿ! ಅವನು ಬಂದೇಬಿಟ್ಟ!"

"ಬರಲಿ. ಒಳಗೆ ಹೇಗೆ ಬರ್ತಾನೆ ನೋಡ್ತೀನಿ."

ಔಷಧಿಯವನು ಮೆಟ್ಟಿಲು ಹತ್ತಿ ಬಂದ. ಆಳುಗಳು ಇನ್ನೂ ಕೆಳಗಿನ ಮಹಡಿಯಲ್ಲಿದ್ದರು. ಅಕ್ಕ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದಳು. "ಅಣ್ಣಾ, ಒಳಗೆ ವಯಸ್ಸಾದೋರಿದ್ದಾರೆ. ಇಲ್ಲಿ ಬಾಗಿಲ ಸಂದಿಗೂ ಹೊಡೀಬೇಡ. ವಿಷ ಒಳಗೆ ಹೋದ್ರೆ ಸತ್ತೇ ಹೋಗ್ತಾರೆ."

ಅವನು ಮುಖವಾಡ ಕೆಳಗೆ ಎಳೆದುಕೊಂಡು ಬೆವರು ಒರೆಸಿದ. ಬಡಕಲು ಮುಖ. "ಹೆದರ್ಬೇಡಿ ಅಕ್ಕ. ಇದರಲ್ಲಿರೋದು ನೀರು."

"ನೀರಾ?"

"ವಾಸನೆಗೆ ಸ್ವಲ್ಪ ಫಿನಾಯಿಲ್ ಹಾಕಿದ್ದೀನಿ. ಅಷ್ಟೇ ಸಾಕು ಅಂದ್ರು. ಒಡೆಯೋ ಕಟ್ಟಡಕ್ಕೆ ಔಷಧಿ ಯಾಕೆ ದಂಡ ಅಂತ."

"ಒಡೆಯೋ ಕಟ್ಟಡ?"

ಈಗ ಅವನ ಮುಖ ಬಿಳಿಚಿತು. "ನಿಮಗೆ ಗೊತ್ತಿಲ್ವಾ? ಎಲ್ಲರೂ ಖುಷಿಖುಷಿಯಾಗಿ ಖಾಲಿ ಮಾಡ್ತಾ ಇದ್ರಲ್ಲ... ಬೇರೆ ಕಡೆ ಮನೆ ಕೊಟ್ಟಿರ್ತಾರೆ ಅಂದ್ಕೊಂಡೆ."

ಅಕ್ಕ ಮೆಟ್ಟಿಲಿಳಿದ ರಭಸಕ್ಕೆ ಕಾಲು ಉಳುಕಿತು. ಅದು ಅವಳಿಗೆ ಸಂಜೆಯವರೆಗೂ ಗೊತ್ತಾಗಲಿಲ್ಲ.

"ನೀರು! ಬರೀ ನೀರು! ಮನೆ ಕಿತ್ಕೊಂಡ್ರು ಕಣ್ರೋ!" ಅಂತ ಅವಳು ಅಂಗಳದಲ್ಲಿ ಕೂಗಿದಾಗ ಮೊದಲು ಯಾರಿಗೂ ತಲೆಬುಡ ತಿಳಿಯಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ತಲೆಯೆತ್ತಿ ಬಾಗಿಲುಗಳನ್ನು ನೋಡಿದರು. ಮೇಲಿನ ಕೊನೆಯ ಬಾಗಿಲೊಂದನ್ನು ಬಿಟ್ಟು ಎಲ್ಲದರ ಮೇಲೂ ಹೊಸ ಬೀಗ ಬಿಸಿಲಿಗೆ ಹೊಳೆಯುತ್ತಿತ್ತು.

ನಾಳೆಯಪ್ಪನ ಮುಖದಿಂದ ನಗು ಹೋಯಿತು. ಜೊತೆಗೆ ಬಹುವಚನವೂ ಹೋಯಿತು. "ಏಯ್, ಯಾಕೆ ಬಡ್ಕೋತೀಯ? ಯಾರು ಕಿತ್ಕೊಂಡಿದ್ದು? ನಿಮ್ಮ ಒಂದು ಚಮಚ ಮುಟ್ಟಿದ್ದೀನಾ ನಾನು? ನೀವೇ ಹೊತ್ಕೊಂಡು ಬಂದಿದ್ದೀರಿ. ಖಾಲಿ ಮಾಡಿದ ಮನೆಗೆ ಯಜಮಾನರು ಬೀಗ ಹಾಕಿಸಿದ್ದಾರೆ. ಅವರ ಮನೆ, ಅವರ ಬೀಗ."

ಬಡಗಿ ಅಣ್ಣ ಕೈಗೆ ಸಿಕ್ಕ ಮಂಚದ ಕಾಲು ಎತ್ತಿಕೊಂಡ. ಆಳುಗಳು ಮುಂದೆ ಬಂದರು. ಅಷ್ಟರಲ್ಲಿ ಆಯಾ ಓಡಿಹೋಗಿ ಠಾಣೆಯಿಂದ ಪೇದೆಯನ್ನು ಕರೆದುಕೊಂಡು ಬಂದಿದ್ದರಿಂದ ಹೊಡೆದಾಟ ತಪ್ಪಿತು. ನ್ಯಾಯ ಸಿಗುತ್ತೆ ಅಂತ ಜನ ಅವನ ಸುತ್ತ ಮುತ್ತಿಕೊಂಡರು.

ಪೇದೆ ಕೈ ಹಿಂದೆ ಕಟ್ಟಿಕೊಂಡು ಗಂಟುಗಳ ನಡುವೆ ಓಡಾಡಿದ. ಒಂದು ಲೋಟದ ಕಾಗದ ಬಿಡಿಸಿ ನೋಡಿದ. ನೀಲಿ ಪಟ್ಟಿಯೊಂದನ್ನು ಬೆರಳಲ್ಲಿ ಮುಟ್ಟಿದ.

"ಇದೇನು?"

"ಆ ಮನೆಯವರ ಗುರುತು ಸಾರ್," ಅಂದಳು ಅಕ್ಕ. "ಸಾಮಾನು ಕಲಸಿಹೋಗಬಾರದು ಅಂತ ನಾನೇ ಹೊಲಿದಿದ್ದು."

"ಅಂಚು ಮಡಿಚಿ ಬೇರೆ ಹೊಲಿದಿದ್ದೀಯ." ಪೇದೆಗೆ ನಿಜವಾಗಿಯೂ ಮೆಚ್ಚುಗೆಯಾಗಿತ್ತು. "ನೋಡಮ್ಮ, ಬಲವಂತದ ಖಾಲಿ ನಾನು ಬೇಕಾದಷ್ಟು ನೋಡಿದ್ದೀನಿ. ಸಾಮಾನು ಚೆಲ್ಲಾಪಿಲ್ಲಿ ಬಿದ್ದಿರುತ್ತೆ. ಪಾತ್ರೆ ನಗ್ಗಿರುತ್ತೆ. ಒಂದಿಬ್ಬರಿಗೆ ತಲೆ ಒಡೆದಿರುತ್ತೆ. ಇಷ್ಟು ಅಚ್ಚುಕಟ್ಟಾಗಿ ಯಾರನ್ನೂ ಬಲವಂತವಾಗಿ ಹೊರಗೆ ಹಾಕೋಕಾಗಲ್ಲ. ನೀವೇ ಮನಸಾರೆ ಬಿಟ್ಟ ಹಾಗಿದೆ. ಯಾರೂ ಬೀಗ ಮುರೀಬೇಡಿ, ಮುರಿದ್ರೆ ನಾನು ಒಳಗೆ ಹಾಕಬೇಕಾಗುತ್ತೆ."

ದಿನಗಟ್ಟಲೆ ದುಡಿದ ಅಕ್ಕನ ಅಚ್ಚುಕಟ್ಟೇ ಅವರ ಮೇಲೆ ಸಾಕ್ಷಿ ಹೇಳುತ್ತಿತ್ತು.

ಆಳುಗಳು ಮೇಲಿನ ಮಹಡಿಯ ಕೊನೆಯ ಬಾಗಿಲಿಗೆ ಹೋದರು. ತಟ್ಟಿದರು, ಗುದ್ದಿದರು. ಒಳಗಿನಿಂದ ಮುದುಕಿ ಅವರ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರನ್ನೂ ಹೊರಗೆಳೆದು ಬೈದಳು. ಹೊರಗಿನಿಂದಲೇ ಬೀಗ ಜಡಿಯಿರಿ ಅಂದ ನಾಳೆಯಪ್ಪ. ಪೇದೆ ತಡೆದ.

"ಒಳಗೆ ಮನುಷ್ಯರಿದ್ದಾಗ ಹಾಗೆಲ್ಲ ಮಾಡೋಕಾಗಲ್ಲ ಕಣ್ರೀ. ಕೋರ್ಟಿಂದ ಆರ್ಡರ್ ತರಬೇಕು. ಖಾಲಿ ಮನೆ ಬೇರೆ, ಇದು ಬೇರೆ. ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡಿ."

ನಾಳೆಯಪ್ಪ ಚುರುಕು ಮನುಷ್ಯ. ಅಂಗಳಕ್ಕೆ ಇಳಿದು ಬಂದು ಎಲ್ಲರಿಗೂ ಕೇಳುವ ಹಾಗೆ ಅಕ್ಕನಿಗೆ ಹೇಳಿದ: "ಆಯ್ತಮ್ಮಾ, ನಿಮ್ಮ ಮನೆ ಸದ್ಯಕ್ಕೆ ಹಾಗೇ ಇರಲಿ. ನೀವು ನಮಗೆ ಬಹಳ ಸಹಾಯ ಮಾಡಿದ್ದೀರಿ. ಯಜಮಾನರು ಮರೆಯಲ್ಲ." ಬಹುವಚನ ವಾಪಸ್ ಬಂದಿತ್ತು. ಆಳುಗಳನ್ನು ಗೇಟಿಗೆ ಕಾವಲು ಕೂರಿಸಿ, ಬೀಗ ಯಾರಾದರೂ ಮುರಿದರೆ ತಕ್ಷಣ ತಿಳಿಸಿ ಅಂತ ಹೇಳಿ, ಪೇದೆಯ ಜೊತೆ ಹೊರಟುಹೋದ.

ಎಲ್ಲರ ಕಣ್ಣೂ ಅಕ್ಕನ ಮೇಲೆ.

ಮೊದಲು ಬಾಯಿ ಬಿಟ್ಟವಳು ಆಯಾ. "ನಾನು ಆಗಲ್ಲ ಅಂದೆ. ನಿದ್ದೆಯಲ್ಲಿದ್ದೋಳ ಮನೆ ಖಾಲಿ ಮಾಡಿದ್ದು ಯಾರು? ಎಲ್ಲರ ಬಾಗಿಲಿಗೂ ಬೀಗ ಬಿತ್ತು. ನಿನ್ನ ಬಾಗಿಲಿಗೆ ಯಾಕೆ ಬೀಳಲಿಲ್ಲ?" ಅವಳು ಅಕ್ಕನ ಎದುರಿಗೇ ಬಂದು ನಿಂತಳು. "ಎಷ್ಟಕ್ಕೆ ಮಾರ್ಕೊಂಡೆ?"

ಅಕ್ಕ ಏನು ತಾನೇ ಹೇಳಬೇಕು? ತಾನು ಮೋಸಹೋದೆ ಅನ್ನಬಹುದಿತ್ತು. ಅದು ನಿಜವೇ. ಆದರೆ ಮೋಸವನ್ನು ಮನೆ ಮನೆಗೆ ಹೊತ್ತು ಹಂಚಿದ ಕಾಲು ಅವಳದೇ. ಕಣ್ಣೀರು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಅವಳಿಗೇ ಸ್ಪಷ್ಟವಾಗಲಿಲ್ಲ. ನೀಲಿ ಪಟ್ಟಿ ಕಟ್ಟಿದ ದೊಡ್ಡ ಗಂಟನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು.

"ಎಲ್ಲಿಗೆ ಹೊತ್ಕೊಂಡು ಹೋಗ್ತೀಯ ನನ್ನ ಗಂಟು?"

"ನನ್ನ ಬಾಗಿಲಿಗೆ ಬೀಗ ಇಲ್ಲ ತಾನೆ? ಹತ್ತು ಮತ್ತೆ," ಅಂದಳು ಅಕ್ಕ. "ಎಲ್ಲರೂ ಹತ್ತಿ."

ಗಂಟು ಹೊತ್ತು ಮೆಟ್ಟಿಲೇರಿದಳು. ತನ್ನ ಗಂಟಿನ ಹಿಂದೆ ಆಯಾ ಹತ್ತಲೇಬೇಕಾಯಿತು. ಅವಳ ಹಿಂದೆ ಬಡಗಿ ಅಣ್ಣ, ಅವನ ಹಿಂದೆ ಮಕ್ಕಳು, ಆಮೇಲೆ ಎಲ್ಲರೂ.

"ಅತ್ತೆ, ಬಾಗಿಲು ತೆಗೀರಿ."

"ನೀನೊಬ್ಬಳೇನಾ? ಆ ಮುಖವಾಡದೋನೂ ಇದ್ದಾನಾ?"

"ಅವನಿಲ್ಲ. ನಮ್ಮ ಕಟ್ಟಡದೋರೆಲ್ಲ ಇದ್ದೀವಿ."

ಚಿಲಕ ಸರಿದ ಸದ್ದಾಯಿತು. ಮುದುಕಿ ಗೋಡೆ ಹಿಡಿದು ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಕಾಲು ಒರೆಸಿಕೊಂಡು ಬನ್ನಿ," ಅಂದಳು.

ಆ ಕೋಣೆಯಲ್ಲಿ ಅಷ್ಟು ಜನ ಹಿಡಿಸಿದ್ದು ಹೇಗೆ ಅಂತ ಕೇಳಬಾರದು. ನಿಂತವರ ಕಾಲಿನ ಸಂದಿಯಲ್ಲಿ ಕೂತವರು. ಚಿಗಟಗಳಿಗೆ ಅಂಥ ಊಟ ಹಿಂದೆಂದೂ ಸಿಕ್ಕಿರಲಿಲ್ಲ. ಎಲ್ಲರೂ ಕೆರೆದುಕೊಳ್ಳುತ್ತಲೇ ಮಾತಾಡಿದರು. ಒಬ್ಬರು ವಕೀಲರ ಹತ್ತಿರ ಹೋಗೋಣ ಅಂದರು. ಇನ್ನೊಬ್ಬರು ಯಜಮಾನರ ಕಾಲು ಹಿಡಿಯೋಣ ಅಂದರು.

"ಪೇದೆ ಏನಂದ, ಕೇಳಿಸಿಕೊಂಡ್ರಾ?" ಅಂದಳು ಅಕ್ಕ. "ಒಳಗೆ ಮನುಷ್ಯರಿದ್ರೆ ಕೋರ್ಟಿನ ಆರ್ಡರ್ ಬೇಕಂತೆ. ಹೊರಗಿದ್ರೆ ಒಂದು ಬೀಗ ಸಾಕು. ಹಾಗಿದ್ರೆ ನಾವು ಒಳಗಿರಬೇಕು. ಅಷ್ಟೇ ತಾನೆ?"

"ಬೀಗ ಮುರಿದ್ರೆ ಜೈಲು ಅಂದಿದ್ದಾನೆ," ಅಂದಳು ಆಯಾ. ಅಕ್ಕನ ಮುಖ ನೋಡದೆಯೇ ಅಂದಳು, ಆದರೂ ಮಾತಾಡಿದಳು.

ಬಡಗಿ ಅಣ್ಣ ಇಷ್ಟು ಹೊತ್ತು ಸುಮ್ಮನೆ ಬಾಗಿಲನ್ನೇ ದಿಟ್ಟಿಸುತ್ತಿದ್ದ. "ಬೀಗ ಯಾಕೆ ಮುರೀಬೇಕು?" ಅಂದ ನಿಧಾನವಾಗಿ. "ಬೀಗ ಯಜಮಾನರದು, ಪಾಪ, ದುಡ್ಡು ಕೊಟ್ಟು ತಂದಿದ್ದಾರೆ. ಅದು ನೇತಾಡ್ತಿರೋ ಕೊಂಡಿ ಯಾರದು? ಬಾಗಿಲು ಭದ್ರ ಇಲ್ಲ ಅಂತ ನಾವು ಬಡ್ಕೊಂಡಾಗ, 'ಬೇಕಾದ್ರೆ ನೀವೇ ಹಾಕಿಸ್ಕೊಳ್ಳಿ' ಅಂದಿದ್ದ ಆ ನಾಳೆಯಪ್ಪ. ಒಂದೊಂದು ಕೊಂಡಿಯೂ ನಾವು ತಂದಿದ್ದು. ಒಂದೊಂದು ಸ್ಕ್ರೂವೂ ನಾನು ಹಾಕಿದ್ದು."

ಕೋಣೆಯಲ್ಲಿ ಕೆರೆದುಕೊಳ್ಳುವ ಸದ್ದು ನಿಂತಿತು.

"ಹಾಕಿದೋನಿಗೆ ಬಿಚ್ಚೋಕೆ ಬರಲ್ವಾ?" ಅಂದಳು ಮುದುಕಿ.

ಹಳದಿ ಪಟ್ಟಿಯ ಗಂಟಿನಲ್ಲಿ ಅವನ ಹತಾರಗಳಿದ್ದವು. ಗಂಟು ಹುಡುಕಲು ಕ್ಷಣವೂ ಹಿಡಿಯಲಿಲ್ಲ. ಮೇಲಿನ ಮಹಡಿಯಿಂದ ಶುರುಮಾಡಿದ. ಸ್ಕ್ರೂ ಬಿಚ್ಚಿದ, ಕೊಂಡಿ ಕಳಚಿದ. ಬೀಗ ಹಾಗೇ ಜಡಿದುಕೊಂಡೇ ಕೊಂಡಿಯ ಜೊತೆ ಕೈಗೆ ಬಂತು. ಬಾಗಿಲು ತಾನಾಗಿ ತೆರೆಯಿತು. ಆಯಾಳ ಮನೆಯ ಸ್ಕ್ರೂ ತುಕ್ಕು ಹಿಡಿದಿತ್ತು. ಅವನು ಎರಡು ಕೈಯಲ್ಲೂ ತಿರುಗಿಸಿದ, ಆಗಲಿಲ್ಲ. ಅಕ್ಕ ಮಿಷನ್ನಿಗೆ ಹಾಕುವ ಎಣ್ಣೆ ತಂದು ಬಿಟ್ಟಳು. ಆಯಾ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಅದೇನೋ ಅಂದುಬಿಟ್ಟೆ ಆಗ," ಅಂದಳು.

"ಅನ್ನಬೇಕಾದ್ದೇ ಅಂದಿದ್ದೀಯ. ಈಗ ಈ ಕಡೆ ಹಿಡ್ಕೋ."

ಗೇಟಿನ ಹತ್ತಿರ ಕೂತಿದ್ದ ಆಳುಗಳು ಎಲ್ಲವನ್ನೂ ಕಣ್ಣಾರೆ ನೋಡಿದರು. ಒಬ್ಬ ಎದ್ದು ನಿಂತ. "ಲೇ, ಹೋಗಿ ಹೇಳೋಣ್ವೇನೋ?"

ಇನ್ನೊಬ್ಬ ಬೀಡಿ ಹಚ್ಚಿದ. "ಏನಂತ? ಬೀಗ ಮುರಿದ್ರೆ ಹೇಳು ಅಂದಿದ್ದಾರೆ. ಮುರಿದ್ರಾ?"

"ಇಲ್ಲ."

"ಮತ್ತೆ ಕೂತ್ಕೋ. ನಮ್ಮ ಮನೆದೂ ಬಾಡಿಗೇದೇ."

ಕತ್ತಲಾಗುವ ಮುಂಚೆ ಅಂಗಳ ಖಾಲಿಯಾಗಿತ್ತು. ಲೋಟಗಳು ಕಾಗದ ಬಿಚ್ಚಿಕೊಂಡು ಗೂಡು ಸೇರಿದವು. ಇನ್ನು ಮೇಲೆ ಯಾವ ಮನೆಯಲ್ಲೂ ಮನುಷ್ಯರಿಲ್ಲದ ಹೊತ್ತು ಇರಬಾರದು ಅಂತ ತೀರ್ಮಾನವಾಯಿತು. ಕೆಲಸಕ್ಕೆ ಹೋಗುವವರ ಮನೆಯಲ್ಲಿ ಪಕ್ಕದವರು ಬಂದು ಕೂರುವುದು. ಯಾರು ಎಲ್ಲಿ ಕೂರಬೇಕು ಅನ್ನುವ ಏರ್ಪಾಡನ್ನು ಜನ ಮತ್ತೆ ಅಕ್ಕನಿಗೇ ವಹಿಸಿದರು. ಈ ಸಲ ಅವಳು ಸೆರಗು ಸರಿಮಾಡಿಕೊಳ್ಳಲಿಲ್ಲ. ಉಳುಕಿದ ಕಾಲನ್ನು ನೀವಿಕೊಳ್ಳುತ್ತಾ, "ಆಯ್ತು," ಅಂದಳು ಅಷ್ಟೆ.

ಮಾರನೇ ಬೆಳಿಗ್ಗೆ ನಾಳೆಯಪ್ಪ ಪೇದೆಯನ್ನೂ ಗೋಡೆ ಒಡೆಯುವ ಗುತ್ತಿಗೆದಾರನನ್ನೂ ಜೊತೆಗೆ ಕರೆದುಕೊಂಡು ಬಂದ. ಒಳಗಡೆಯಿಂದ ಪಾತ್ರೆ ತೊಳೆಯುವ ಸದ್ದು, ಮಕ್ಕಳ ಅಳು, ಹೊಲಿಗೆ ಮಿಷನ್ನಿನ ಕಟಕಟ. ಅವನು ನಿಂತಲ್ಲೇ ನಿಂತ.

ಬಡಗಿ ಅಣ್ಣ ಒಂದು ಚೀಲ ತಂದು ಅವನ ಕಾಲ ಬಳಿ ಇಟ್ಟ. "ತಗೊಳ್ಳಿ ಸ್ವಾಮಿ, ನಿಮ್ಮ ಬೀಗಗಳು. ಹಾಕಿದ್ದು ಹಾಕಿದ ಹಾಗೇ ಇವೆ. ಒಂದಕ್ಕೂ ಗೀರು ಬಿದ್ದಿಲ್ಲ, ನೋಡ್ಕೊಳ್ಳಿ. ನಮ್ಮ ಕೊಂಡಿ ಮಾತ್ರ ಬಿಡಿಸಿ ವಾಪಸ್ ಕೊಟ್ಬಿಡಿ."

"ಸಾರ್! ಅಕ್ರಮವಾಗಿ ನುಗ್ಗಿದ್ದಾರೆ!" ಅಂತ ಕಿರುಚಿದ ನಾಳೆಯಪ್ಪ.

ಪೇದೆ ಚೀಲದಲ್ಲಿ ಇಣುಕಿದ. ತಲೆಯೆತ್ತಿ ಮಹಡಿಗಳನ್ನು ನೋಡಿದ. ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ನಿಂತಿದ್ದರು, ಒಳಗೆ, ಹೊಸ್ತಿಲಿನ ಆಚೆ.

"ಬೀಗ ಮುರಿದಿಲ್ಲವಲ್ರೀ," ಅಂದ ಪೇದೆ ಬೇಸರದಿಂದ. ಒಡನೆಯೇ ಬಗ್ಗಿ ಮೀನಖಂಡ ಕೆರೆದುಕೊಂಡ. ಇನ್ನೊಂದು ಕಾಲನ್ನೂ ಕೆರೆದುಕೊಂಡ. ಪ್ಯಾಂಟಿನ ತುದಿ ಎತ್ತಿ ನೋಡಿದ. "ಥೂ, ಏನ್ರೀ ಇದು ಕಚ್ತಾ ಇರೋದು?"

ಹೊಲಿಗೆ ಅಕ್ಕ ಮಿಷನ್ನು ನಿಲ್ಲಿಸಿ ಮೇಲಿನಿಂದ ಬಗ್ಗಿ ನೋಡಿದಳು.

"ಚಿಗಟ ಸಾರ್," ಅಂದಳು. "ನಿನ್ನೆ ಯಜಮಾನರು ಔಷಧಿ ಹೊಡೆಸಿ ಸಾಯಿಸಿದ್ರಲ್ಲ, ಅವೇ."